ಪದ ಬೇಕು (ತುರ್ತು): ಕಾರ್ಖಾನೆಯೊಳಗಿನ ಪ್ರೈವೇಟ್ 5ಜಿ ನೆಟ್‌ವರ್ಕ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನರಸಾಪುರದ ಕಡೆ ಒಂದು ಬಿಡಿಭಾಗಗಳ ಕಾರ್ಖಾನೆಗೆ ಗೇಟಿನ ಬೋರ್ಡು ಮತ್ತು ಸುರಕ್ಷತಾ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶೆಡ್ ಒಳಗೆ ಪ್ರೈವೇಟ್ ಸೆಲ್ಯುಲಾರ್ ನೆಟ್‌ವರ್ಕ್ ಹಾಕಿಸಿದ್ದಾರೆ. ಜನರ ಮಾಮೂಲಿ ಮೊಬೈಲಿಗೆ ಅದು ಸಿಗುವುದಿಲ್ಲ. ಕಾರ್ಖಾನೆ ಕೊಟ್ಟ ಸಿಮ್ ಇದ್ದರೆ ಮಾತ್ರ. ಏಜೆನ್ಸಿಯವರ ಕರಡಿನಲ್ಲಿ "ಖಾಸಗಿ ಕೋಶೀಯ ಜಾಲ ವಲಯ" ಅಂತಿದೆ. ಗೇಟಿನಲ್ಲಿದ್ದ ಸೆಕ್ಯುರಿಟಿಯವರಿಗೆ ಅದನ್ನು ಓದಲು ಕೊಟ್ಟೆ. "ಇಲ್ಲಿ ರಕ್ತ ಪರೀಕ್ಷೆ ಮಾಡ್ತಾರಾ ಮೇಡಂ?" ಅಂತ ಕೇಳಿದರು. ಕೋಶ ಅಂದರೆ ಜನ ಅದನ್ನೇ ತಿಳಿಯುತ್ತಾರೆ.

ಬೋರ್ಡು ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಒಂದು ಪದ ಹೇಳಿ, ದಯವಿಟ್ಟು. ಕೈಪಿಡಿಗೆ ಸ್ಪೆಕ್ಟ್ರಮ್ (ನೆಟ್‌ವರ್ಕ್ ಬಳಸುವ ರೇಡಿಯೋ ಅಲೆಗಳ ಶ್ರೇಣಿ) ಅನ್ನೋದಕ್ಕೂ ಬೇಕು.

ವಿ. ಎನ್., ಕೋಲಾರ

* * *

ಒಳಬಲೆ.

ಕರಡಿನ ನಾಲ್ಕು ಪದವೂ ಎರವಲು. ಖಾಸಗಿ ಬಂದದ್ದು ಅರಬ್ಬಿಯ ಖಾಸ್‌ನಿಂದ. ಕೋಶ, ಜಾಲ, ವಲಯ ಸಂಸ್ಕೃತ. ಕನ್ನಡದವರಿಗೆ ಹಾಕುವ ಬೋರ್ಡಿನಲ್ಲಿ ಒಂದಾದರೂ ಕನ್ನಡ ಇರಬೇಡವೇ? ಒಳನಾಡು, ಒಳಮನೆ, ಒಳದಾರಿ ಇದ್ದ ಹಾಗೆ ಒಳಬಲೆ. ಸ್ಪೆಕ್ಟ್ರಮ್‌ಗೆ ಅಲೆಪಟ್ಟಿ.

ಜೆ. ಕೆ., ಶಿವಮೊಗ್ಗ

* * *

ಒಳಬಲೆ ಬೇಡ. ಬಲೆ ಅಂದ ಕೂಡಲೇ ಬೀಳುವುದು, ಸಿಕ್ಕಿಕೊಳ್ಳುವುದು ತಲೆಗೆ ಬರುತ್ತದೆ. ಒಳ ಅಂದರೆ ಒಳಚರಂಡಿಯೂ ಇದೆ, ಒಳಸಂಚೂ ಇದೆ. ಕೆಲಸಕ್ಕೆ ಬರುವವರನ್ನು ಗೇಟಿನಲ್ಲೇ ಹೆದರಿಸುವುದು ಬೇಡ.

ನಾನು ಇಂಥ ನೆಟ್‌ವರ್ಕ್‌ಗಳ ಕೆಲಸ ಮಾಡುವವನು. ಮೊದಲು ವಸ್ತು ಏನು ಅಂತ ನೋಡೋಣ. ದೊಡ್ಡ ತಗಡಿನ ಶೆಡ್‌ನಲ್ಲಿ ಸಾಮಾನು ಹೊರಲು ಡ್ರೈವರ್ ಇಲ್ಲದ ಗಾಡಿಗಳಿರುತ್ತವೆ, ಎಜಿವಿ ಅಂತ ಕರೆಯುತ್ತಾರೆ. ವೈಫೈ ಮೇಲೆ ಓಡಿಸಿದರೆ, ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಬಿಟ್ಟು ಇನ್ನೊಂದನ್ನು ಯಾವಾಗ ಹಿಡಿಯಬೇಕು ಅನ್ನೋದನ್ನು ಗಾಡಿಯೇ ತೀರ್ಮಾನಿಸಬೇಕು. ತಡ ಮಾಡಿದರೆ ಸಂಪರ್ಕ ಕಡಿದುಹೋಗಿ ನಡುದಾರಿಯಲ್ಲಿ ದೀಪ ಮಿಣುಕಿಸುತ್ತಾ ನಿಂತುಬಿಡುತ್ತದೆ. ಯಾರಾದರೂ ಓಡಿಹೋಗಿ ರಿಸೆಟ್ ಒತ್ತಬೇಕು. ಅಷ್ಟರಲ್ಲಿ ಹಿಂದಿನ ಗಾಡಿಗಳೂ ಸಾಲಾಗಿ ನಿಂತಿರುತ್ತವೆ. 4ಜಿ, 5ಜಿಯಲ್ಲಿ ಆ ತೀರ್ಮಾನ ನೆಟ್‌ವರ್ಕ್‌ನದು. ಗಾಡಿ ಒಂದು ಆಂಟೆನಾದ ಹದ್ದಿನಿಂದ ಇನ್ನೊಂದಕ್ಕೆ ದಾಟುವ ಮೊದಲೇ ಅಲ್ಲಿ ಜಾಗ ಸಿದ್ಧವಾಗಿರುತ್ತದೆ. ತರಂಗಾಂತರವೂ ಪರವಾನಗಿ ಇದ್ದದ್ದು. ಪಕ್ಕದ ಕ್ಯಾಂಟೀನಿನ ವೈಫೈ ಅಡ್ಡ ಬರುವುದಿಲ್ಲ. ಕಾರ್ಖಾನೆಯವರು ಇಷ್ಟು ಖರ್ಚು ಮಾಡುವುದು ಇದಕ್ಕೇ.

ಈಗ ಖಾಸಗಿ. ಅದು ಅರಬ್ಬಿ ಅನ್ನೋದು ನನಗೆ ತೊಂದರೆಯಲ್ಲ. ಅರ್ಥವೇ ತಪ್ಪು. ಕನ್ನಡದಲ್ಲಿ ಖಾಸಗಿ ಬಸ್ ಅಂದರೆ ಸರ್ಕಾರದ್ದಲ್ಲದ ಬಸ್. ಟಿಕೆಟ್ ಕೊಂಡ ಯಾರು ಬೇಕಾದರೂ ಹತ್ತಬಹುದು. ಆ ಲೆಕ್ಕದಲ್ಲಿ ಏರ್‌ಟೆಲ್, ಜಿಯೋ ಆಗಲೇ ಖಾಸಗಿ ಜಾಲಗಳು. ಸರ್ಕಾರಿ ಉಕ್ಕಿನ ಕಾರ್ಖಾನೆಯೋ ಬಂದರೋ ಇಂಥ ಜಾಲ ಹಾಕಿಸಿದರೆ ಅದನ್ನು ಖಾಸಗಿ ಅನ್ನಲಾದೀತೇ?

ಬೇರೆ ದೇಶದವರೂ ಬೇರೆ ದಾರಿ ಹಿಡಿದಿದ್ದಾರೆ. ಜರ್ಮನಿಯಲ್ಲಿ 2019ರ ಕೊನೆಯಿಂದ 3.7–3.8 ಗಿಗಾಹರ್ಟ್ಸ್ ಪಟ್ಟಿಯನ್ನು ಕಾರ್ಖಾನೆ, ವಿಶ್ವವಿದ್ಯಾಲಯಗಳಿಗೆ ನೇರವಾಗಿ ಕೊಡುತ್ತಿದ್ದಾರೆ. ಅದಕ್ಕೆ ಅವರ ಹೆಸರು ಕಾಂಪುಸ್‌ನೆಟ್ಸ್, ಅಂದರೆ ಆವರಣದ ಜಾಲ. ಜಪಾನಿನವರು ಲೋಕಲ್ 5ಜಿ ಅನ್ನುತ್ತಾರೆ. ನಮ್ಮ ದೂರಸಂಪರ್ಕ ಇಲಾಖೆ 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದಾಗ ಕ್ಯಾಪ್ಟಿವ್ ನಾನ್-ಪಬ್ಲಿಕ್ ನೆಟ್‌ವರ್ಕ್ ಅಂದಿತು. ಮರು ತಿಂಗಳೇ ಏರ್‌ಟೆಲ್‌ನವರು ಬೆಂಗಳೂರಿನ ಬಾಷ್ ಕಾರ್ಖಾನೆಯಲ್ಲಿ ಪ್ರಯೋಗ ಮಾಡಿದ್ದೂ ಈ ಬಗೆಯದ್ದೇ.

ನನ್ನ ಸಲಹೆ: ಆವರಣ ಜಾಲ.

ಪಿ. ಆರ್., ಬೆಂಗಳೂರು

* * *

ಆವರಣಕ್ಕಿಂತ ವಠಾರ ಒಳ್ಳೆಯದು. ನಮ್ಮ ಕಡೆ ಶಾಲಾ ವಠಾರ, ದೇವಸ್ಥಾನದ ವಠಾರ ಅಂತ ಆಮಂತ್ರಣ ಪತ್ರಿಕೆಗಳಲ್ಲೇ ಇರುತ್ತದೆ. ಬೇಲಿಯೊಳಗಿನ ಜಾಗ ಅಂತ ಎಲ್ಲರಿಗೂ ಗೊತ್ತು. ವಠಾರ ಜಾಲ ಅನ್ನಿ.

ಎ. ಬಿ., ಪುತ್ತೂರು

* * *

ಬೆಂಗಳೂರು, ಮೈಸೂರಿನಲ್ಲಿ ವಠಾರ ಅಂದರೆ ಸಾಲುಮನೆ. ಒಂದು ನಲ್ಲಿ, ಹತ್ತು ಬಾಡಿಗೆದಾರರು. ಕೋಲಾರದ ಗೇಟಿಗೆ ಹೊಂದುವುದಿಲ್ಲ.

ಸರಿಯಾದ ಪದ ಅಂತರ್ಜಾಲ. ಅಂತರ್ ಅಂದರೆ ಒಳಗೆ. ಅಂತರ್ಮುಖಿ, ಅಂತರ್ಗತ, ಅಂತರ್ಜಲ ನೋಡಿ. ಬೇಲಿಯೊಳಗೇ ಹುಟ್ಟಿ ಬೇಲಿಯೊಳಗೇ ಮುಗಿಯುವ ಜಾಲಕ್ಕೆ ಇದಕ್ಕಿಂತ ನೆಟ್ಟಗಿನ ಪದ ಇಲ್ಲ. ಇಂಟರ್ನೆಟ್ಟಿಗೆ ಬೇಕಿದ್ದದ್ದು ಅಂತರಜಾಲ. ಪತ್ರಿಕೆಗಳು ಯೋಚಿಸದೆ ಅಂತರ್ಜಾಲ ಅಂತ ಬರೆದವು, ಎಲ್ಲರೂ ಹಿಂದೆ ಹೋದರು. ಈಗ ಒಳಗಿನ ಜಾಲಕ್ಕೆ ಹೆಸರೇ ಇಲ್ಲದ ಹಾಗಾಗಿದೆ. ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಪ್ರತಿ ಸಲ ಓದುವಾಗಲೂ ನೋವಾಗುತ್ತದೆ.

ಎಸ್. ವಿ., ಮೈಸೂರು

* * *

ಅಂತರ್‌ಗೆ ನಡುವೆ ಅನ್ನುವ ಅರ್ಥವೂ ಇದೆ. ಅಂತಾರಾಷ್ಟ್ರೀಯ ಎಲ್ಲಿಂದ ಬಂತು? ಅಂತರ್‌ನ ರೇಫ ಬಿದ್ದು ಸ್ವರ ದೀರ್ಘವಾದದ್ದಲ್ವಾ? ಅಲ್ಲಿ ರಾಷ್ಟ್ರಗಳ ಒಳಗೆ ಅಂತ ಯಾರೂ ಅರ್ಥ ಮಾಡುವುದಿಲ್ಲ. ಪತ್ರಿಕೆಗಳದ್ದು ತಪ್ಪಲ್ಲ. ಅಂತರ್ಜಾಲ ನೆಲೆ ನಿಂತ ಪದ, ಅದನ್ನು ಕಿತ್ತು ಬೇರೆ ಕಡೆ ನೆಡಲು ಆಗುವುದಿಲ್ಲ.

ಎ. ಬಿ., ಪುತ್ತೂರು

* * *

ನೋಡಿ, ರೇಫ, ದೀರ್ಘ ಅಂತ ಸಂಸ್ಕೃತದ ಜಗಳವನ್ನು ಕನ್ನಡದ ಅಂಗಳದಲ್ಲಿ ಆಡುತ್ತಿದ್ದೀರಿ. ಒಳಬಲೆಗೆ ಸಂಧಿ ನೋಡುವ ಕೆಲಸವೇ ಇಲ್ಲ. ಬಲೆ ಅಂದರೆ ಬೀಳುವುದು ಅನ್ನೋ ಮಾತೂ ನಿಲ್ಲುವುದಿಲ್ಲ. ಜಾಲ ಅಂದರೂ ಬಲೆಯೇ. ವಂಚನೆಯ ಜಾಲ, ಕಳ್ಳರ ಜಾಲ ಅಂತ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಅದೇ ಅರ್ಥ ಸಂಸ್ಕೃತದಲ್ಲಿ ಬಂದರೆ ಗೌರವ, ಕನ್ನಡದಲ್ಲಿ ಬಂದರೆ ಹೆದರಿಕೆ. ಇದೇ ನನ್ನ ತಕರಾರು.

ಜೆ. ಕೆ., ಶಿವಮೊಗ್ಗ

* * *

ತಕರಾರು ಅನ್ನುವುದೂ ಅರಬ್ಬಿಯೇ. ಬರೆಯುವಾಗ ನಿಮ್ಮ ಕೈಗೆ ಅದೇ ಬಂತು, ಯಾಕೆಂದರೆ ಅದು ನಮ್ಮ ಪದವಾಗಿದೆ. ನೆಟ್‌ವರ್ಕ್ ಕೂಡ ಅದೇ ದಾರಿಯಲ್ಲಿದೆ. ಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ. "ನೆಟ್‌ವರ್ಕ್ ಸಿಗ್ತಿಲ್ಲ", "ಟವರ್ ಇಲ್ಲ" ಅಂತಾರೆ. ಜಾಲ ಸಿಗ್ತಿಲ್ಲ ಅಂದವರನ್ನು ನಾನು ಕಂಡಿಲ್ಲ. ನೆಟ್‌ವರ್ಕ್ ಅಂತಲೇ ಬರೆಯಿರಿ, ಸುಮ್ನೆ ಯಾಕೆ ಒದ್ದಾಟ.

ಆದರೆ ಪಿ. ಆರ್. ಅವರ ಆವರಣದ ಬಗ್ಗೆ ಒಂದು ಮಾತು. ನಮ್ಮ ಸಂಡೂರು, ಹೊಸಪೇಟೆ ಕಡೆ ಗಣಿಗಳಲ್ಲೂ ಇಂಥ ನೆಟ್‌ವರ್ಕ್ ಬರಬಹುದು. ಗಣಿಗೆ ಆವರಣ ಎಲ್ಲಿದೆ? ಹತ್ತಾರು ಕಿಲೋಮೀಟರ್ ಹೋಗುವ ರೈಲು ಹಳಿಗೆ, ಕರೆಂಟ್ ಲೈನಿಗೆ ಹಾಕಿದರೆ ಏನನ್ನುತ್ತೀರಿ?

ಕ್ಯಾಪ್ಟಿವ್ ಅನ್ನುವ ಪದ ನಮಗೆ ಹೊಸದಲ್ಲ. ಉಕ್ಕಿನ ಕಾರ್ಖಾನೆಯವರು ತಮ್ಮ ಕುಲುಮೆಗೆ ಬೇಕಾದ ಅದಿರನ್ನು ತಾವೇ ತೆಗೆದುಕೊಳ್ಳುವ ಗಣಿಗೆ ಕ್ಯಾಪ್ಟಿವ್ ಗಣಿ ಅಂತಾರೆ. ಬಿಡಿಸಿ ಹೇಳುವಾಗ ಸ್ವಂತ ಬಳಕೆಯ ಗಣಿ. ಇದೂ ಹಾಗೇ ಅಲ್ವಾ? ಸ್ವಂತ ಬಳಕೆಯ ನೆಟ್‌ವರ್ಕ್.

ಕೆ. ಎಂ., ಹೊಸಪೇಟೆ

* * *

ಕೆ. ಎಂ. ಅವರೇ, ಇದು ಸರಿಯಾಗಿ ಕೂರುತ್ತದೆ. ನನ್ನ ಆವರಣಕ್ಕಿಂತ ಚೆನ್ನಾಗಿದೆ. ಯಾಕೆ ಅಂತ ಹೇಳುತ್ತೇನೆ.

ಬರೀ "ಸ್ವಂತ ನೆಟ್‌ವರ್ಕ್" ಅಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. 2022ರ ಮಾರ್ಗಸೂಚಿಯಲ್ಲಿ ಹಲವು ದಾರಿಗಳಿವೆ. ಕಾರ್ಖಾನೆಯೇ ಪರವಾನಗಿ ಪಡೆದು, ಟೆಲಿಕಾಂ ಕಂಪನಿಯಿಂದ ತರಂಗಾಂತರ ಗುತ್ತಿಗೆಗೆ ತಗೊಂಡು ಕಟ್ಟಿಕೊಳ್ಳಬಹುದು. ಟೆಲಿಕಾಂ ಕಂಪನಿಯೇ ಬಂದು ಪ್ರತ್ಯೇಕವಾಗಿ ಕಟ್ಟಿಕೊಡಬಹುದು. ಇಲ್ಲವೇ ತನ್ನ ದೊಡ್ಡ ಜಾಲದಲ್ಲೇ ಒಂದು ಸ್ಲೈಸ್, ಅಂದರೆ ಬೇರ್ಪಡಿಸಿದ ಒಂದು ಪಾಲು, ತೆಗೆದಿಡಬಹುದು. ಮಾಲೀಕ ಬೇರೆ ಬೇರೆ, ಜಾಗ ಬೇರೆ ಬೇರೆ. ಬದಲಾಗದ್ದು ಬಳಕೆ ಒಂದೇ: ಒಂದು ಸಂಸ್ಥೆಯ ಕೆಲಸಕ್ಕೆ ಮಾತ್ರ. ಹೆಸರು ಬಳಕೆಯನ್ನು ಹೇಳಿದರೆ ಎಲ್ಲ ಬಗೆಗೂ ಹೊಂದುತ್ತದೆ.

ಸಿಮ್‌ನಲ್ಲೂ ಇದು ಕಾಣುತ್ತದೆ. ನಮ್ಮ ಮಾಮೂಲಿ ಸಿಮ್‌ಗಳೊಳಗಿನ ಗುರುತು ಸಂಖ್ಯೆ 404 ಅಥವಾ 405ರಿಂದ ಶುರುವಾಗುತ್ತದೆ, ಅದು ಭಾರತದ ಸಂಕೇತ. ಇಂಥ ಜಾಲಗಳ ಬಳಕೆಗೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 999 ಅನ್ನು ಬೇರೆಯಾಗಿ ತೆಗೆದಿಟ್ಟಿದೆ. ಅದು ಯಾವ ದೇಶಕ್ಕೂ ಸೇರಿದ್ದಲ್ಲ.

ಸ್ಪೆಕ್ಟ್ರಮ್‌ಗೆ ತರಂಗಾಂತರ ಅಂತಲೇ ಇಡಿ. ಹರಾಜಿನ ಸುದ್ದಿಯಲ್ಲಿ ಎಲ್ಲರೂ ಓದಿದ ಪದ.

ಪಿ. ಆರ್., ಬೆಂಗಳೂರು

* * *

ತರಂಗಾಂತರ ಅಂದರೆ ಎರಡು ಅಲೆಗಳ ನಡುವಿನ ದೂರ. ಅದು ಸ್ಪೆಕ್ಟ್ರಮ್ ಅಲ್ಲ. ಸ್ಪೆಕ್ಟ್ರಮ್‌ಗೆ ವಿಜ್ಞಾನದ ಪುಸ್ತಕಗಳಲ್ಲಿ ರೋಹಿತ ಇದೆ. ಓದಿದ ಪದ ಅಂತ ತಪ್ಪು ಪದವನ್ನು ಒಪ್ಪಲಾರೆ.

ಎಸ್. ವಿ., ಮೈಸೂರು

* * *

ರೋಹಿತ ಹರಾಜು ಅಂದರೆ ಜನ ಹುಡುಗನ ಹೆಸರು ಅಂದುಕೊಳ್ಳುತ್ತಾರೆ. ಅಲೆಪಟ್ಟಿ.

ಜೆ. ಕೆ., ಶಿವಮೊಗ್ಗ

* * *

ಎಲ್ಲರಿಗೂ ಧನ್ಯವಾದ. ನನಗೆ ಪ್ರಿಂಟಿಗೆ ಕಳಿಸಬೇಕು, ಆದ್ದರಿಂದ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಜೆ. ಕೆ. ಸರ್, ನಿಮ್ಮ ಕಾಳಜಿ ನನಗೂ ಇದೆ. ಆದರೆ ಈ ಗೇಟಿನಲ್ಲಿ ಬರುವವರಲ್ಲಿ ತುಂಬಾ ಜನ ಮನೆಯಲ್ಲಿ ತೆಲುಗು ಮಾತಾಡುವವರು. ಕನ್ನಡ ಓದುತ್ತಾರೆ, ಹೊಸ ಪದ ಬಿಡಿಸಿಕೊಂಡು ನಿಲ್ಲುವ ಪುರುಸೊತ್ತು ಇರುವುದಿಲ್ಲ. ಬೋರ್ಡು ಹೀಗಿದೆ:

ಇಲ್ಲಿಂದ ಮುಂದೆ ಕಾರ್ಖಾನೆಯ ಸ್ವಂತ ಬಳಕೆಯ ಮೊಬೈಲ್ ನೆಟ್‌ವರ್ಕ್ ಇದೆ.
ಕಾರ್ಖಾನೆ ಕೊಟ್ಟ ಸಿಮ್ ಇರುವ ಸಾಧನಗಳಿಗೆ ಮಾತ್ರ.
ನಿಮ್ಮ ಫೋನನ್ನು ಇದಕ್ಕೆ ಜೋಡಿಸಲು ಪ್ರಯತ್ನಿಸಬೇಡಿ.

ಕೈಪಿಡಿಯಲ್ಲಿ ತರಂಗಾಂತರ ಇಡುತ್ತೇನೆ.

ವಿ. ಎನ್., ಕೋಲಾರ

* * *

ವಿ. ಎನ್. ಮೇಡಂ, ಮೂರನೇ ಸಾಲು ತೆಗೆದುಬಿಡಿ. ಸಿಮ್ ಇಲ್ಲದೆ ಜೋಡಿಸಲು ಆಗುವುದೇ ಇಲ್ಲ. ಆ ಜಾಗದಲ್ಲಿ ಇದನ್ನು ಹಾಕಿ: "ಕಾರ್ಖಾನೆಯ ಸಿಮ್‌ನಿಂದ ಹೊರಗಿನ ನಂಬರಿಗೆ ಕರೆ ಹೋಗುವುದಿಲ್ಲ." ಕಾರ್ಖಾನೆಯೇ ಪರವಾನಗಿ ಪಡೆದು ಕಟ್ಟಿಕೊಂಡ ಜಾಲವಾದರೆ, ಮಾರ್ಗಸೂಚಿಯ ಪ್ರಕಾರ ಅದನ್ನು ಸಾರ್ವಜನಿಕ ಜಾಲಕ್ಕೆ ಜೋಡಿಸುವಂತಿಲ್ಲ. ಯಾರಿಗಾದರೂ ಪೆಟ್ಟಾದಾಗ ಕಾರ್ಖಾನೆಯ ಹ್ಯಾಂಡ್‌ಸೆಟ್ ಹಿಡಿದುಕೊಂಡು ಮನೆಗೋ ಆಸ್ಪತ್ರೆಗೋ ಹಚ್ಚುತ್ತಾ ನಿಲ್ಲಬಾರದು. ಕೆಳಗೆ ಒಳಗಿನ ಪ್ರಥಮ ಚಿಕಿತ್ಸೆಯ ನಂಬರನ್ನು ದೊಡ್ಡದಾಗಿ ಬರೆಸಿ. ಪ್ರಿಂಟಿಗೆ ಹೋಗುವ ಮೊದಲು ಅವರ ಸೇಫ್ಟಿ ಆಫೀಸರ್‌ಗೆ ಒಮ್ಮೆ ತೋರಿಸಿ.

ಪಿ. ಆರ್., ಬೆಂಗಳೂರು