ಕರ್ನೆಲ್ ಮಾಡ್ಯೂಲ್ ಹೆಸರಲ್ಲಿ ಹೈಫನ್ನೋ, ಅಂಡರ್‌ಸ್ಕೋರೋ?

ಪ್ರಶ್ನೆ:
ಲಿನಕ್ಸ್‌ನಲ್ಲಿ ಒಂದು ಕರ್ನೆಲ್ ಮಾಡ್ಯೂಲಿನ (ಕರ್ನೆಲ್ ಓಡುತ್ತಿರುವಾಗಲೇ ಅದಕ್ಕೆ ಸೇರಿಸಬಹುದಾದ ಕೋಡ್) ಕಡತದ ಹೆಸರು ಯುಎಸ್‌ಬಿ-ಸ್ಟೋರೇಜ್.ಕೆಒ. ಲೋಡ್ ಆದಮೇಲೆ ಎಲ್‌ಎಸ್‌ಮಾಡ್ (ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ ಕೊಡುವ ಆಜ್ಞೆ) ತೋರಿಸುವುದು ಯುಎಸ್‌ಬಿ_ಸ್ಟೋರೇಜ್. ಹೊಸ ಡ್ರೈವರಿಗೆ ಟೆಂಪ್-ಸೆನ್ಸರ್ ಎಂದು ಹೆಸರಿಟ್ಟರೆ ಮುಂದೆ ತೊಂದರೆ ಆಗುತ್ತದೆಯೇ? ಎರಡು ಸಿ ಕಡತಗಳಿವೆ: ಟೆಂಪ್-ಸೆನ್ಸರ್.ಸಿ, ಬಸ್.ಸಿ.

ಉತ್ತರ 1:
ಮಾಡ್ಯೂಲ್ ಹೆಸರು ಸಿ ಭಾಷೆಯ ಗುರುತುಗಳೊಳಗೂ ಬರುತ್ತದೆ, ಅಲ್ಲಿ ಹೈಫನ್ ಅಂದರೆ ಕಳೆಯುವ ಚಿಹ್ನೆ. ಹಾಗಾಗಿ ಬಿಲ್ಡ್ ಮಾಡುವಾಗಲೇ ಹೈಫನ್ನೆಲ್ಲ ಅಂಡರ್‌ಸ್ಕೋರ್ ಆಗುತ್ತದೆ. ಹೆಸರು ಕೊಟ್ಟರೆ ಮಾಡ್ಯೂಲ್ ಹುಡುಕಿ ಲೋಡ್ ಮಾಡುವ ಮಾಡ್‌ಪ್ರೋಬ್ ಆಜ್ಞೆ ಎರಡನ್ನೂ ಒಂದೇ ಎಂದು ಎಣಿಸುತ್ತದೆ, ಅದರ ಸೆಟ್ಟಿಂಗ್ ಕಡತಗಳಿರುವ ಮಾಡ್‌ಪ್ರೋಬ್.ಡಿ ಒಳಗಿನ ಆಪ್ಷನ್ಸ್, ಬ್ಲ್ಯಾಕ್‌ಲಿಸ್ಟ್ ಸಾಲುಗಳಲ್ಲೂ ಅಷ್ಟೇ. ಕಡತವನ್ನೇ ನೇರವಾಗಿ ಲೋಡ್ ಮಾಡುವ ಇನ್ಸ್‌ಮಾಡ್‌ಗೆ ಮಾತ್ರ ಕಡತದ ದಾರಿಯನ್ನೇ ಇದ್ದದ್ದು ಇದ್ದ ಹಾಗೆ ಕೊಡಬೇಕು. ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ತನ್ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಜಾಗ) ಅಂಡರ್‌ಸ್ಕೋರ್ ಹೆಸರೇ ಸಿಗುವುದು: /ಸಿಸ್/ಮಾಡ್ಯೂಲ್/ಯುಎಸ್‌ಬಿ_ಸ್ಟೋರೇಜ್. ಎಲ್‌ಎಸ್‌ಮಾಡ್ ಫಲಿತಾಂಶವನ್ನು ಹೈಫನ್ ಹಾಕಿ ಗ್ರೆಪ್ ಮಾಡುವ (ಪಠ್ಯ ಹುಡುಕುವ) ಸ್ಕ್ರಿಪ್ಟ್‌ಗಳು ಸದ್ದಿಲ್ಲದೆ ಬರಿಗೈಯಲ್ಲಿ ಬರುವುದು ಇದಕ್ಕೇ.

ಉತ್ತರ 2:
ನಿಮ್ಮ ನಿಜವಾದ ತೊಂದರೆ ಹೈಫನ್ ಅಲ್ಲ, ಮೇಕ್‌ಫೈಲ್ (ಬಿಲ್ಡ್ ಮಾಡುವ ಮೇಕ್ ಆಜ್ಞೆ ಓದುವ ಸೂಚನೆಗಳ ಕಡತ). ಮಾಡ್ಯೂಲಿಗೂ ಅದರೊಳಗಿನ ಒಂದು ಸಿ ಕಡತಕ್ಕೂ ಒಂದೇ ಹೆಸರಿದ್ದರೆ, ಟೆಂಪ್-ಸೆನ್ಸರ್.ಒ (ಕಂಪೈಲ್ ಆಗಿ ಬರುವ ಆಬ್ಜೆಕ್ಟ್ ಕಡತ) ತನ್ನ ಮೇಲೆ ತಾನೇ ಅವಲಂಬಿಸಿದಂತಾಗುತ್ತದೆ. ಮೇಕ್ 'ಸರ್ಕ್ಯುಲರ್ ಡಿಪೆಂಡೆನ್ಸಿ ಡ್ರಾಪ್ಡ್' ಎಂದು ಒಂದು ಸಾಲು ಹೇಳಿ ಮುಂದೆ ಹೋಗುತ್ತದೆ, ಮುಖ್ಯ ಕಡತದ ಕೋಡ್ ಮಾಡ್ಯೂಲಿಗೆ ಸೇರುವುದೇ ಇಲ್ಲ. ಮೊದಲನೆಯದನ್ನು ಮೇನ್.ಸಿ ಎಂದು ಬದಲಿಸಿ, ಹೀಗೆ ಬರೆಯಿರಿ:

ಆಬ್ಜ್-ಎಂ := ಟೆಂಪ್-ಸೆನ್ಸರ್.ಒ
ಟೆಂಪ್-ಸೆನ್ಸರ್-ವೈ := ಮೇನ್.ಒ ಬಸ್.ಒ

ಮೇಕ್‌ಫೈಲ್‌ನಲ್ಲಿ ಹೈಫನ್, ಅಂಡರ್‌ಸ್ಕೋರ್ ಬೇರೆ ಬೇರೆ. ಎರಡನೇ ಸಾಲಿನಲ್ಲಿ ಅಂಡರ್‌ಸ್ಕೋರ್ ಹಾಕಿದರೆ ಮೇಕ್ ಇಲ್ಲದ ಟೆಂಪ್-ಸೆನ್ಸರ್.ಸಿಯನ್ನು ಹುಡುಕಿ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಸರಿಹೋಯಿತು, ಧನ್ಯವಾದ. ಈಗ ಲೋಡ್ ಆಗುತ್ತದೆ, ಆದರೆ ಪ್ರೋಬ್ ಫಂಕ್ಷನ್ (ಡ್ರೈವರಿಗೆ ಹೊಂದುವ ಡಿವೈಸ್ ಸಿಕ್ಕಾಗ ಕರ್ನೆಲ್ ಕರೆಯುವುದು) ಓಡುತ್ತಿಲ್ಲ. ಇದು ಪ್ಲಾಟ್‌ಫಾರ್ಮ್ ಡ್ರೈವರ್ (ತಾನಾಗಿ ಪತ್ತೆಯಾಗದ ಡಿವೈಸ್‌ಗಳಿಗೆ), ಡಿವೈಸ್ ಟ್ರೀ (ಹಾರ್ಡ್‌ವೇರ್ ವಿವರಿಸುವ ಕಡತ) ಇಲ್ಲ. ಡ್ರೈವರ್ ಹೆಸರಿನ ಜಾಗದಲ್ಲಿ ಕೆಬಿಲ್ಡ್_ಮಾಡ್‌ನೇಮ್ (ಬಿಲ್ಡ್ ಆಗುವಾಗ ಮಾಡ್ಯೂಲ್ ಹೆಸರು ತುಂಬುವ ಮ್ಯಾಕ್ರೋ) ಕೊಟ್ಟಿದೆ.

ಉತ್ತರ 2:
ಅಲ್ಲೇ ಸಿಕ್ಕಿಕೊಂಡಿರಬೇಕು. ಆ ಮ್ಯಾಕ್ರೋ ಕೊಡುವುದು ಅಂಡರ್‌ಸ್ಕೋರ್ ಹೆಸರು. ಡಿವೈಸ್ ಅನ್ನು 'ಟೆಂಪ್-ಸೆನ್ಸರ್' ಎಂದು ನೋಂದಾಯಿಸಿದ್ದರೆ ಹೊಂದುವುದಿಲ್ಲ. ಪ್ಲಾಟ್‌ಫಾರ್ಮ್ ಬಸ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಮಾಡ್‌ಪ್ರೋಬ್‌ನಷ್ಟು ಉದಾರಿಯಲ್ಲ. ಎರಡೂ ಕಡೆ ಒಂದೇ ಸ್ಟ್ರಿಂಗ್ ಬರೆಯಿರಿ.

ಉತ್ತರ 3:
ಇನ್ನೊಂದು. .ಕೆಒ ಕಡತವನ್ನು ಆಮೇಲೆ ಎಂವಿ ಆಜ್ಞೆಯಿಂದ ಹೆಸರು ಬದಲಿಸಬೇಡಿ. ಲೋಡ್ ಆಗುವ ಹೆಸರು ಕಡತದ ಒಳಗಿದೆ, ಎಲ್‌ಎಸ್‌ಮಾಡ್ ಹಳೆಯದನ್ನೇ ತೋರಿಸುತ್ತದೆ. ಅದೇ ಹೆಸರಿನ ಮಾಡ್ಯೂಲ್ ಆಗಲೇ ಇದ್ದರೆ 'ಫೈಲ್ ಎಕ್ಸಿಸ್ಟ್ಸ್' ದೋಷ. 'ಸೆನ್ಸರ್' ಅಂತ ಬರೀ ಹೆಸರಿಡುವ ಬದಲು ಚಿಪ್‌ನ ಹೆಸರನ್ನೂ ಸೇರಿಸಿ.