ದಿನಕ್ಕೆ ಎರಡು ಟಿಪ್ ತಿನ್ನುವ ಮಿಗ್ ಟಾರ್ಚ್: ನಿಮ್ಮ ಅನುಭವ ಹೇಳಿ

ಕೇಳಿದವರು, ತಿಪಟೂರು:

ಹದಿನೈದು ವರ್ಷ ರಾಡ್ ವೆಲ್ಡಿಂಗ್‌ನಲ್ಲೇ ಗೇಟು, ಗ್ರಿಲ್ಲು ಮಾಡಿಕೊಂಡು ಬಂದವನು ನಾನು. ಆರು ತಿಂಗಳ ಹಿಂದೆ, ರಾಡ್ ಬದಲು ಸುರುಳಿಯಿಂದ ವೈರ್ ತಾನಾಗಿ ಬರುವ ಮಿಗ್ ವೆಲ್ಡಿಂಗ್ ಯಂತ್ರ ತಂದೆ. 0.8 ಮಿ.ಮೀ. ವೈರ್, ಸಿಒಟು (ಕಾರ್ಬನ್ ಡೈಆಕ್ಸೈಡ್) ಗ್ಯಾಸ್, ಮೂರು ಮೀಟರ್ ಕೇಬಲ್ಲಿನ ಟಾರ್ಚ್, ಅಂದರೆ ಕೈಯಲ್ಲಿ ಹಿಡಿದು ವೆಲ್ಡ್ ಮಾಡುವ ಗನ್. ಮೊದಮೊದಲು ಬೆಣ್ಣೆಯಂತೆ ಓಡಿತು. ಎರಡು ತಿಂಗಳ ಹಿಂದೆ ಲೈನರ್ (ಕೇಬಲ್ ಒಳಗೆ ವೈರ್ ಸಾಗುವ ಕೊಳವೆ) ಹಾಳಾಯಿತೆಂದು ನಾನೇ ಹೊಸದು ಹಾಕಿದೆ. ಅಲ್ಲಿಂದ ಶುರುವಾಯಿತು ನೋಡಿ. ವೈರ್ ತಡೆತಡೆದು ಬರುತ್ತದೆ, ವೈರ್ ಹೊರಬರುವ ತುದಿಯ ಟಿಪ್ ದಿನಕ್ಕೆ ಎರಡು ಸುಡುತ್ತವೆ, ಬೀಡ್ (ಬೆಸುಗೆಯ ಗೆರೆ) ಮೇಲೆ ದೋಸೆಯಂತೆ ತೂತುಗಳು. ಟಿಪ್ ಸುತ್ತ ಗ್ಯಾಸ್ ಬಿಡುವ ನಾಜಲ್ ಸಿಡಿದ ಹನಿಗಳಿಂದ ಕಟ್ಟಿಕೊಂಡಾಗ ಮೇಜಿನ ಅಂಚಿಗೆ ಕುಟ್ಟಿ ಉದುರಿಸುತ್ತೇನೆ. ವೈರ್ ತಳ್ಳುವ ರೋಲರ್ ಬಿಗಿ ಮಾಡಿದೆ. ಒಂದು ದಿನ ಸರಿಹೋಯಿತು, ಮರುದಿನ ಅದೇ ಪಾಡು. ಟಾರ್ಚನ್ನೇ ಬದಲಾಯಿಸಬೇಕೇ?

ಪೀಣ್ಯದಿಂದ:

ಟಾರ್ಚ್‌ಗೆ ಎತ್ತಿಟ್ಟ ದುಡ್ಡು ಜೇಬಿನಲ್ಲೇ ಇರಲಿ. ಇಪ್ಪತ್ತೆರಡು ವರ್ಷದಿಂದ ಸಿಒಟು ವೆಲ್ಡಿಂಗ್ ಮಾಡುತ್ತಿದ್ದೇನೆ, ನಿಮ್ಮ ಪತ್ರದಲ್ಲಿ ನನ್ನ ಹಳೆಯ ತಪ್ಪುಗಳೆಲ್ಲ ಸಾಲಾಗಿ ನಿಂತಿವೆ.

ಮೊದಲು ಕುಟ್ಟುವುದನ್ನು ಬಿಡಿ. ನಾಜಲ್ ಒಳಗೆ ಅದನ್ನು ಟಿಪ್‌ನಿಂದ ಬೇರ್ಪಡಿಸುವ ಇನ್ಸುಲೇಟರ್ ಇರುತ್ತದೆ. ಕುಟ್ಟಿದರೆ ಅದು ಸೀಳುತ್ತದೆ, ನಾಜಲ್ ಬಾಯಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಸಿಡಿದ ಹನಿಗಳು ಟಿಪ್‌ಗೂ ನಾಜಲ್‌ಗೂ ಸೇತುವೆ ಕಟ್ಟಿದರೆ ನಾಜಲ್‌ಗೇ ಕರೆಂಟ್ ಬಂದು, ಕೆಲಸಕ್ಕೆ ತಾಗಿದಲ್ಲೆಲ್ಲ ಕಿಡಿ ಹಾರುತ್ತದೆ. ನಾಜಲ್ ಬಿಚ್ಚಿ, ಒಳಗೆ ಇಕ್ಕಳದ ಮೂತಿ ತೂರಿಸಿ ತಿರುಗಿಸಿದರೆ ಹನಿಗಳು ಚಕ್ಕೆ ಚಕ್ಕೆಯಾಗಿ ಬೀಳುತ್ತವೆ. ಸಿಒಟುನಲ್ಲಿ ಸಿಡಿತ ಹೆಚ್ಚು, ಆರ್ಗಾನ್ ಬೆರೆಸಿದ ಗ್ಯಾಸ್‌ನಲ್ಲಿ ಕಡಿಮೆ. ಹಾಗಾಗಿ ನಿಮ್ಮಂಥವರು ಅರ್ಧ ಗಂಟೆಗೊಮ್ಮೆಯಾದರೂ ಇಣುಕಿ ನೋಡಬೇಕು. ಇಣುಕುವಾಗ ಬೆರಳು ಟ್ರಿಗರ್ ಮೇಲೆ ಬೇಡ. ನಮ್ಮ ಹುಡುಗನೊಬ್ಬನ ಕೆನ್ನೆಯಲ್ಲಿ ಇಂದಿಗೂ ವೈರ್ ಚುಚ್ಚಿದ ಗುರುತಿದೆ. ಕಣ್ಣಿಗೂ ಅದಕ್ಕೂ ಎರಡು ಬೆರಳಿನ ಅಂತರ.

ನಾಜಲ್ ಬಿಚ್ಚಿದಾಗ ಗ್ಯಾಸನ್ನು ಸುತ್ತಲೂ ಹರಡುವ ಡಿಫ್ಯೂಸರ್‌ನ ಸಣ್ಣ ತೂತುಗಳನ್ನೂ ನೋಡಿ. ನಾಲ್ಕರಲ್ಲಿ ಎರಡು ಮುಚ್ಚಿದರೆ ಗ್ಯಾಸ್ ಒಂದೇ ಬದಿಗೆ ಹೊರಟು, ಇನ್ನೊಂದು ಬದಿಯಿಂದ ಗಾಳಿ ನುಗ್ಗುತ್ತದೆ. ಆಮೇಲೆ ಸಿಲಿಂಡರ್ ಮೀಟರ್ ಎಷ್ಟೇ ತೋರಿಸಲಿ, ಬೀಡ್‌ನಲ್ಲಿ ತೂತು ತಪ್ಪುವುದಿಲ್ಲ. ಜನ ಗ್ಯಾಸ್ ಏರಿಸುತ್ತಲೇ ಹೋಗುತ್ತಾರೆ; ನಿಮ್ಮ ಕೆಲಸಕ್ಕೆ ಒಳಾಂಗಣದಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಸಾಕು. ಅತಿಯಾದರೆ ಗ್ಯಾಸೇ ಸುಳಿ ಎದ್ದು ಗಾಳಿಯನ್ನು ಎಳೆದುಕೊಳ್ಳುತ್ತದೆ.

ಹನಿ ಅಂಟದಂತೆ ಹಚ್ಚುವ ಸ್ಪ್ಯಾಟರ್ ಜೆಲ್ ಇದ್ದರೆ ಬಿಸಿ ನಾಜಲ್‌ನ ತುದಿಯನ್ನಷ್ಟೇ ಅದ್ದಿ ಕೊಡವಿ. ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದಂತೆ ಪೂರ್ತಿ ಮುಳುಗಿಸಿದರೆ ಡಿಫ್ಯೂಸರ್ ತೂತಿಗೆ ಅದೇ ಮುಚ್ಚಳವಾಗುತ್ತದೆ.

ಹುಬ್ಬಳ್ಳಿಯಿಂದ, ಐಟಿಐಯಲ್ಲಿ ಕಲಿಸುವವನು:

ಪೀಣ್ಯದವರು ಮುಂಭಾಗ ಹೇಳಿದರು, ನಾನು ಹಿಂಭಾಗಕ್ಕೆ ಹೋಗುತ್ತೇನೆ. ನಿಮ್ಮ ಮಾತಿನಲ್ಲಿ ನನ್ನ ಕಿವಿ ನಿಮಿರಿದ್ದು ‘ರೋಲರ್ ಬಿಗಿ ಮಾಡಿದೆ’ ಎಂಬಲ್ಲಿ. ಬಿಗಿ ಮಾಡಿದಷ್ಟೂ ರೋಲರ್ ವೈರ್‌ನ ತಾಮ್ರದ ಲೇಪವನ್ನು ಹೆರೆಯುತ್ತದೆ. ಆ ಪುಡಿ ಲೈನರ್ ಸೇರುತ್ತದೆ, ಲೈನರ್ ತಡೆಯುತ್ತದೆ, ನೀವು ಮತ್ತೆ ಬಿಗಿ ಮಾಡುತ್ತೀರಿ. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಹುಡುಗರಿಗೆ ಮೊದಲ ವಾರವೇ ಮಾಡಿಸುವ ಪರೀಕ್ಷೆ ಇದು. ಯಂತ್ರ ಆರಿಸಿ. ರೋಲರ್‌ನ ಒತ್ತುಕೈಯನ್ನು ಎತ್ತಿಬಿಡಿ. ಟಾರ್ಚ್ ಕೇಬಲ್ಲನ್ನು ನೆಲದ ಮೇಲೆ ನೇರ ಹಾಸಿ, ಟಿಪ್‌ನ ಹೊರಗಿರುವ ವೈರನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಸೂಜಿಯಿಂದ ದಾರ ಬಂದಂತೆ ಒಂದೇ ಸಮ ಬರಬೇಕು. ಜಗ್ಗಿ ಜಗ್ಗಿ ಬಂದರೆ ಟಿಪ್ ಬಿಚ್ಚಿ ಮತ್ತೆ ಎಳೆಯಿರಿ. ಈಗ ಸರಾಗವಾಯಿತೇ? ತಪ್ಪು ಟಿಪ್‌ನದು. ಇನ್ನೂ ಜಗ್ಗುತ್ತದೆಯೇ? ಲೈನರ್ ಅಥವಾ ಸುರುಳಿ ತಿರುಗುವ ಬ್ರೇಕ್.

ಲೈನರ್ ನೀವೇ ಹಾಕಿದೆ ಎಂದಿರಿ. ಎಷ್ಟು ಉದ್ದಕ್ಕೆ ಕತ್ತರಿಸಿದಿರಿ? ಅದು ಡಿಫ್ಯೂಸರ್‌ನ ಒಳಗೆ ಹೋಗಿ ಕೂರಬೇಕು. ಗಿಡ್ಡವಾದರೆ ನಡುವೆ ಉಳಿಯುವ ಜಾಗದಲ್ಲಿ ವೈರ್ ಬಳುಕಿ, ಟಿಪ್‌ನೊಳಗೆ ಓರೆಯಾಗಿ ಹೊಗುತ್ತದೆ. ಕೇಬಲ್ ಸುತ್ತಿಟ್ಟುಕೊಂಡೇ ಅಳತೆ ತೆಗೆದರೆ ಗಿಡ್ಡವಾಗುವ ಸಂಭವ ಹೆಚ್ಚು. ಕತ್ತರಿಸಿದ ಬಾಯಿಯ ಮುಳ್ಳನ್ನು ಅರದಿಂದ ಉಜ್ಜಿದಿರೋ?

ಬೈಕಂಪಾಡಿಯಿಂದ:

ನಮ್ಮ ಕಡಲ ಗಾಳಿಗೆ ರೋಗವೇ ಬೇರೆ. ಮಳೆಗಾಲದಲ್ಲಿ ಶನಿವಾರ ಸಂಜೆ ಯಂತ್ರದಲ್ಲೇ ಬಿಟ್ಟುಹೋದ ವೈರ್ ಸೋಮವಾರ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆ ತುಕ್ಕೂ ಲೈನರ್‌ಗೇ ಹೋಗುತ್ತದೆ. ಈಗ ಸುರುಳಿ ಬಿಚ್ಚಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಬಲ್ಬ್ ಉರಿಯುವ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ರೋಲರ್ ಇರುವ ಫೀಡರ್‌ಗೆ ಮುನ್ನ ವೈರ್ ಮೇಲೆ ಉಣ್ಣೆಯ ತುಂಡೊಂದನ್ನು ಕ್ಲಿಪ್ ಹಾಕಿ ಕೂರಿಸಿದ್ದೇವೆ, ಅದಕ್ಕೆ ಎರಡು ಹನಿ ಮೆಷಿನ್ ಎಣ್ಣೆ. ನಯವಾಗಿ ಓಡುತ್ತದೆ.

ಪೀಣ್ಯದಿಂದ ಮತ್ತೆ:

ಉಣ್ಣೆಗೆ ಜೈ, ಎಣ್ಣೆಗೆ ಬೇಡ ಅಣ್ಣ. ಎಣ್ಣೆ ಪುಡಿಯನ್ನು ಹಿಡಿದು ಲೈನರ್‌ನಲ್ಲಿ ಅಂಟು ಮಾಡುತ್ತದೆ, ಉಳಿದದ್ದು ಬೆಂಕಿಗೆ ಸೇರಿ ಬೀಡ್‌ನಲ್ಲಿ ತೂತಾಗುತ್ತದೆ. ಒಣ ಉಣ್ಣೆ ಸಾಕು. ಸುರುಳಿ ಬದಲಾಯಿಸುವಾಗಲೆಲ್ಲ ಟಿಪ್ ಬಿಚ್ಚಿ, ಫೀಡರ್ ಕಡೆಯಿಂದ ಕಂಪ್ರೆಸರ್ ಗಾಳಿ ಊದಿ. ಅದಕ್ಕೂ ಮೊದಲು ಕಂಪ್ರೆಸರ್ ಟ್ಯಾಂಕಿನ ನೀರು ಬಿಡಿ. ಮುಂದೆ ಯಾರೂ ನಿಂತಿರಬಾರದು.

ಬೆಳಗಾವಿ ಉದ್ಯಮಬಾಗದಿಂದ:

ಒಂದೇ ಮಾತು. ಟಿಪ್ ಮತ್ತು ಡಿಫ್ಯೂಸರ್ ಬೆರಳಲ್ಲಿ ತಿರುಗಿಸಿ ಬಿಡಬೇಡಿ, ಸ್ಪ್ಯಾನರ್ ಹಾಕಿ. ಸಡಿಲ ಜಾಗ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನೂ ಸಡಿಲವಾಗುತ್ತದೆ. ಟಾರ್ಚ್ ಮೇಲೆ 60% ಎಂದು ಬರೆದಿದ್ದರೆ ಆ ಆಂಪಿಯರ್‌ನಲ್ಲಿ ಹತ್ತು ನಿಮಿಷಕ್ಕೆ ಆರೇ ನಿಮಿಷ ವೆಲ್ಡಿಂಗ್, ಉಳಿದದ್ದು ಬಿಡುವು. ಟ್ರೇಲರ್ ಚಾಸಿಯ ಆತುರದಲ್ಲಿ ನಾನು ಇದನ್ನು ಮರೆತು, ಹಿಡಿಕೆ ಕೈಗೆ ಮೆತ್ತಗೆ ಅಂಟುವ ತನಕ ಓಡಿಸಿದ್ದೇನೆ.

ತಿಪಟೂರಿನಿಂದ, ವಾರದ ನಂತರ:

ಹುಬ್ಬಳ್ಳಿ ಸಾರ್ ಕೇಳಿದ ಪ್ರಶ್ನೆಗೆ ಉತ್ತರ: ಬೆರಳಗಲ ಗಿಡ್ಡ. ಮುಳ್ಳೂ ಉಜ್ಜಿರಲಿಲ್ಲ. ಲೈನರ್ ಹೊರಗೆ ಎಳೆದು ಪತ್ರಿಕೆಯ ಮೇಲೆ ತಟ್ಟಿದಾಗ ಕಾಫಿಪುಡಿಯಂಥದ್ದು ಒಂದು ಚಿಟಿಕೆ ಬಿತ್ತು, ಬಿಸಿಲಿಗೆ ಹಿಡಿದರೆ ನಡುನಡುವೆ ತಾಮ್ರ ಮಿನುಗುತ್ತಿತ್ತು. ಡಿಫ್ಯೂಸರ್‌ನಲ್ಲಿ ತೆರೆದಿದ್ದದ್ದು ಒಂದೇ ತೂತು. ಎರಡನ್ನೂ ಹೊಸದು ಹಾಕಿದೆ, ಈ ಬಾರಿ ಕೇಬಲ್ಲನ್ನು ಅಂಗಡಿಯ ಉದ್ದಕ್ಕೂ ನೇರ ಹಾಸಿ. ರೋಲರ್ ತಿರುಪನ್ನು ವೈರ್ ಜಾರುವ ತನಕ ಬಿಟ್ಟು, ಜಾರುವುದು ನಿಂತ ಕಡೆ ಚೂರೇ ಚೂರು ಬಿಗಿ ಮಾಡಿ ನಿಲ್ಲಿಸಿದ್ದೇನೆ. ಸೋಮವಾರ ಹಾಕಿದ ಟಿಪ್ ಶುಕ್ರವಾರವೂ ಅದೇ ಇದೆ. ಮೇಜಿನ ಅಂಚಿಗೆ ಮಾತ್ರ ಕೈ ಇನ್ನೂ ತಾನಾಗಿ ಹೋಗುತ್ತದೆ. ನಮ್ಮ ಹುಡುಗ ಅಲ್ಲಿ ಹಳೆಯ ಟೈರ್ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದಾನೆ.