[ಪದಚರ್ಚೆ] ‘ಸ್ಪಾಯ್ಲರ್’ಗೆ ಏನನ್ನೋಣ? ಫಲಕ ನಾಳೆ ಅಚ್ಚಿಗೆ

ಪಿ.ವಿ.:
ಗೆಳೆಯರೇ, ಅಮೆರಿಕದ ಕಾಮಿಕ್ಸ್ ಪ್ರಕಾಶಕರು ಕತೆಯ ದೊಡ್ಡ ತಿರುವನ್ನು ಮಾರಾಟದ ದಿನದವರೆಗೆ ಹೇಗೆ ಬಚ್ಚಿಡುತ್ತಾರೆ ಎಂಬ ಪ್ರದರ್ಶನದ ಫಲಕಗಳನ್ನು ಅನುವಾದಿಸುತ್ತಿದ್ದೇನೆ. ‘ಸ್ಪಾಯ್ಲರ್’ಗೆ, ಅಂದರೆ ಕತೆಯ ತಿರುವನ್ನು ಮೊದಲೇ ಹೇಳಿಬಿಡುವುದಕ್ಕೆ, ‘ರಸಭಂಗ’ ನಡೆಯುತ್ತದೆಯೇ? ಶೀರ್ಷಿಕೆಗೆ ಜಾಗ ಒಂದೇ ಸಾಲು. ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು.

ನಾ.ಭ.:
ನಡೆಯದು. ರಸಭಂಗ ಪರಿಣಾಮ, ಸ್ಪಾಯ್ಲರ್ ಅದರ ಕಾರಣ. ನಾಟಕದ ನಡುವೆ ಮೊಬೈಲ್ ಬಡಿದುಕೊಂಡರೂ ರಸಭಂಗವೇ. ‘ಗುಟ್ಟುರಟ್ಟು’ ಹಾಕಿ. ಪುಸ್ತಕದ ಹೊದಿಕೆಯೂ ರಟ್ಟೇ. ಒಳಗಿನ ಗುಟ್ಟು ಹೊರಗಿನ ರಟ್ಟಿಗೆ ಬಂತು ಎಂಬುದೇ ಮೂಲಾರ್ಥ. ಕಾಮಿಕ್ಸಿಗೆ ಹೇಳಿ ಮಾಡಿಸಿದ ಪದ.

ಎಸ್.ಆರ್.:
ಮೂಲಾರ್ಥವೂ ಅಲ್ಲ, ಮಣ್ಣೂ ಅಲ್ಲ. ತೆಲುಗಿನಲ್ಲೂ ಗುಟ್ಟು ರಟ್ಟಾಗುತ್ತದೆ, ಆದರೆ ಅಲ್ಲಿ ಪುಸ್ತಕದ ಹೊದಿಕೆಗೆ ‘ಅಟ್ಟ’ ಎನ್ನುತ್ತಾರೆ. ನಿಮ್ಮ ಕತೆ ಅಲ್ಲಿಗೆ ಮುಗಿಯಿತು.

ಪಿ.ವಿ. ಅವರೇ, ಒಂದೇ ಪದಕ್ಕೆ ಜೋತುಬೀಳಬೇಡಿ, ಇಲ್ಲಿರುವುದು ಮೂರು ಬೇರೆ ಕೆಲಸ. ಓದಿದವನು ಓದದವನಿಗೆ ಹೇಳಿಬಿಡುವುದು ಗುಟ್ಟುರಟ್ಟು. ಮಾರಾಟಕ್ಕೆ ಮೊದಲೇ ಪುಟಗಳ ಫೋಟೊ ಹೊರಬೀಳುವುದು ಸೋರಿಕೆ. 2023ರಲ್ಲಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 26ನೇ ಸಂಚಿಕೆಯಲ್ಲಿ ಮಿಸ್ ಮಾರ್ವೆಲ್ ಎಂಬ ನಾಯಕಿ ಸಾಯುತ್ತಾಳೆಂಬುದು ಹಾಗೆ ಸೋರಿ, ಸಂಚಿಕೆ ಬರುವ ಮೊದಲೇ ಪ್ರಕಾಶಕರಾದ ಮಾರ್ವೆಲ್ ಒಪ್ಪಿಕೊಳ್ಳಬೇಕಾಯಿತು. ಮೂರನೆಯದು ಪ್ರಕಾಶಕರೇ ಪತ್ರಿಕೆಗೆ ಗುಟ್ಟು ಬಿಟ್ಟುಕೊಡುವುದು.

ಬಿಟ್ಟುಕೊಡುವುದೇಕೆ? ಅಲ್ಲಿನ ಕಾಮಿಕ್ಸ್ ಅಂಗಡಿಯವರು ತರಿಸಿದ ಪ್ರತಿಗಳು ಉಳಿದರೆ ಸಾಮಾನ್ಯವಾಗಿ ವಾಪಸ್ ಇಲ್ಲ. ಎರಡು-ಮೂರು ತಿಂಗಳು ಮೊದಲು ಕ್ಯಾಟಲಾಗ್ ನೋಡಿ ಆರ್ಡರ್ ಹಾಕುತ್ತಾರೆ. ಸಂಖ್ಯೆ ತಿದ್ದಲು ಕೊನೆಯ ಗಡುವು ಬಿಡುಗಡೆಗೆ ಸುಮಾರು ಮೂರು ವಾರ ಮುಂಚೆ. ಕ್ಯಾಟಲಾಗಿನಲ್ಲಿ ಮುಖಪುಟ ಮುಚ್ಚಿಟ್ಟು ‘ಗೋಪ್ಯ’ ಎಂದಷ್ಟೇ ಹಾಕಿದರೆ ಎಷ್ಟು ಪ್ರತಿ ಹೇಳಬೇಕೋ ಅಂಗಡಿಯವನಿಗೆ ತಿಳಿಯದು, ಕಡಿಮೆ ತರಿಸಬಹುದು. ಗುಟ್ಟು ಬಿಟ್ಟುಕೊಡುವುದು ಅದಕ್ಕೇ, ಬಿಡದಿದ್ದರೆ ಸರಕು ಸಾಲದು. 2007ರ ಮಾರ್ಚ್ 7ರಂದು ಕ್ಯಾಪ್ಟನ್ ಅಮೆರಿಕ 25 ಬಂದಾಗ ಆಗಿದ್ದು ಇದೇ: ನಾಯಕನ ಸಾವಿನ ಸುದ್ದಿ ಅದೇ ಬೆಳಿಗ್ಗೆ ಪತ್ರಿಕೆಯಲ್ಲಿ, ಅಂಗಡಿಗಳಲ್ಲಿ ಸರಕು ಖಾಲಿ. 2011ರಲ್ಲಿ ಫೆಂಟಾಸ್ಟಿಕ್ ಫೋರ್ 587ನ್ನು ಕಪ್ಪು ಪ್ಲಾಸ್ಟಿಕ್‌ನಲ್ಲಿ ಮುಚ್ಚಿ, ವಾಡಿಕೆಯ ಬುಧವಾರದ ಬದಲು ಮಂಗಳವಾರವೇ ಮಾರಲು ಬಿಟ್ಟರು. ಆದರೂ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಯಾರು ಸತ್ತರೆಂದು ಸುದ್ದಿಸಂಸ್ಥೆ ಹೇಳಿಯಾಗಿತ್ತು. 2018ರ ಬ್ಯಾಟ್‌ಮ್ಯಾನ್ 50 ಇನ್ನೂ ಕಷ್ಟ: ಜುಲೈ 4ಕ್ಕೆ ಬರಬೇಕಿದ್ದ ಸಂಚಿಕೆಯಲ್ಲಿ ನಾಯಕನ ಮದುವೆ ಮುರಿಯುತ್ತದೆಂಬುದನ್ನು ನ್ಯೂಯಾರ್ಕ್ ಟೈಮ್ಸ್ ಜುಲೈ 1ರಂದೇ ತಲೆಬರಹದಲ್ಲಿ ಹಾಕಿತು. ತಲೆಬರಹದಲ್ಲಿದ್ದರೆ ‘ಮುಂದೆ ಓದಬೇಡಿ’ ಎಂದು ಎಚ್ಚರಿಸಲೂ ಜಾಗವಿಲ್ಲ.

ಹೆಚ್ಚುಕಡಿಮೆ ಕೊನೆಯವರೆಗೆ ಗುಟ್ಟು ಉಳಿಸಿಕೊಂಡದ್ದು ವಾಕಿಂಗ್ ಡೆಡ್ ಸರಣಿ. 2019ರ ಜುಲೈಯಲ್ಲಿ 193ನೇ ಸಂಚಿಕೆಗೇ ಸರಣಿ ಮುಗಿಸಿದರು. 194, 195ಕ್ಕೆ ಸುಳ್ಳು ಮುಖಪುಟ ಬರೆಸಿ ಕ್ಯಾಟಲಾಗಿಗೂ ಹಾಕಿಸಿದ್ದರು.

ಅರಿವಿಗ:
ರಸಬಂಗ, ಗೋಪ್ಯ, ಸಂಚಿಕೆ, ಎಲ್ಲ ಸಂಸ್ಕ್ರುತದ ಹೊರೆ. ‘ತಿರುಳೊಡಕು’ ಅನ್ನಿ. ಸುದ್ದಿಯನ್ನು ಇಂತಿಶ್ಟು ಹೊತ್ತಿನವರೆಗೆ ಹಾಕಬಾರದು ಎನ್ನುವ ಎಂಬಾರ್ಗೊಗೆ ‘ಹೊತ್ತುಕಟ್ಟು’.

ಎಸ್.ಆರ್.:
ತಿರುಳೊಡಕು ಅಂದರೆ ತೆಂಗಿನಕಾಯಿ ಒಡೆದ ಹಾಗಿದೆ. ಮುಂದೆ.

ಜಿ.ಎಂ.:
‘ಸ್ಪಾಯ್ಲರ್’ ಎಂದೇ ಬಿಡಿ. ಸಿನಿಮಾ ವಿಮರ್ಶೆ ಓದುವ ಹುಡುಗರಿಗೆಲ್ಲ ಗೊತ್ತು.

ನಾ.ಭ.:
ಗ್ಯಾರೇಜಿನಲ್ಲಿ ಕೇಳಿ ನೋಡಿ, ಕಾರಿನ ಹಿಂದೆ ಕೂರಿಸುವ ರೆಕ್ಕೆ ತೋರಿಸುತ್ತಾರೆ.

ಪಿ.ವಿ.:
ಶೀರ್ಷಿಕೆಗೆ ‘ಗುಟ್ಟು ರಟ್ಟಾಗದಂತೆ’, ಒಳಗೆ ಸೋರಿಕೆ ಮತ್ತು ಬಿಟ್ಟುಕೊಡುವುದು ಬೇರೆ ಬೇರೆ. ಎಂಬಾರ್ಗೊಗೆ ‘ಪ್ರಕಟಣೆ ಗಡುವು’. ಕೊನೆಯದಾಗಿ, 1992ರ ನವೆಂಬರ್ 18ರ ಸೂಪರ್‌ಮ್ಯಾನ್ 75: ರಕ್ತ ಸುರಿಯುವ ‘ಎಸ್’ ಗುರುತಿನ ಕಪ್ಪು ಲಕೋಟೆ, ಒಳಗೆ ತೋಳಿಗೆ ಕಟ್ಟುವ ಕಪ್ಪು ಪಟ್ಟಿ, ನಿಧನವಾರ್ತೆ, ಪೋಸ್ಟರ್, ಅಂಚೆಚೀಟಿ. ಅದಕ್ಕೂ ಇದೇ ಶೀರ್ಷಿಕೆ ಸರಿಯೇ?

ಎಸ್.ಆರ್.:
ಬೇಡ. ಸೂಪರ್‌ಮ್ಯಾನ್ ಸಾಯುವುದು ಆಗಲೇ ಊರಿಗೆಲ್ಲ ಗೊತ್ತಿತ್ತು. ಆ ಲಕೋಟೆ ಗುಟ್ಟು ಕಾಯಲಿಲ್ಲ, ಮಾರಾಟ ಹೆಚ್ಚಿಸಿತು: ಒಂದು ಬಿಚ್ಚಿ ಓದಲು, ಇನ್ನೊಂದು ಬಿಚ್ಚದೆ ಎತ್ತಿಡಲು. ‘ಶೋಕದ ಲಕೋಟೆ’ ಎಂದಿಡಿ.

ಅರಿವಿಗ:
ಲಕೋಟೆ ಮರಾಟಿಯಿಂದ ಬಂದದ್ದು. ‘ಚೀಲ’ ಇರುವಾಗ ಅದೇಕೆ?

ನಾ.ಭ.:
ಕಾಗದವೂ ಪಾರಸಿಯಿಂದ ಬಂದದ್ದೇ. ಫಲಕವನ್ನು ತಾಳೆಗರಿಯ ಮೇಲೆ ಅಚ್ಚು ಹಾಕಿಸೋಣವೇ?